ಐದು ವಿಷಯ, ಒಂದೇ ಉತ್ತರ: ಎಂಪಿಎಚ್ ‘ಕಾಂಪ್ಸ್’ಗೆ ತಯಾರಿ ಹೀಗಿರಲಿ

ಎಂಬಿಬಿಎಸ್, ಬಿಡಿಎಸ್, ಫಾರ್ಮಸಿ ಅಥವಾ ನರ್ಸಿಂಗ್ ಮುಗಿಸಿ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ (ಎಂಪಿಎಚ್) ಪಡೆಯಲು ಅಮೆರಿಕಕ್ಕೆ ಹೋಗುವ ನಮ್ಮ ವಿದ್ಯಾರ್ಥಿಗಳಿಗೆ ಒಂದೊಂದೇ ಪೇಪರ್ ಪಾಸು ಮಾಡುವುದು ಅಷ್ಟೇನೂ ಕಷ್ಟವಾಗುವುದಿಲ್ಲ. ಅಸೈನ್‌ಮೆಂಟ್, ಕ್ವಿಜ್, ಗ್ರೂಪ್ ಪ್ರಾಜೆಕ್ಟ್ ಎಂದು ಅಂಕಗಳು ಕಂತಿನಲ್ಲಿ ಬಂದು ಸೇರುತ್ತವೆ. ದಿಗಿಲು ಶುರುವಾಗುವುದು ಕೋರ್ಸಿನ ಕೊನೆಯ ಹಂತದಲ್ಲಿ ‘ಕಾಂಪ್ರಿಹೆನ್ಸಿವ್ ಎಕ್ಸಾಮ್’ ಎದುರಾದಾಗ. ಕ್ಯಾಂಪಸ್ಸಿನಲ್ಲಿ ಇದನ್ನು ‘ಕಾಂಪ್ಸ್’ ಎಂದಷ್ಟೇ ಕರೆಯುತ್ತಾರೆ. ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಈ ಪರೀಕ್ಷೆ ಇಲ್ಲ. ಇರುವಲ್ಲಿ ಇದನ್ನು ದಾಟದೆ ಪದವಿ ಸಿಗುವುದಿಲ್ಲ.

ಹಳೇ ಪ್ರಶ್ನೆಪತ್ರಿಕೆ ಹುಡುಕಿ, ‘ಇಂಪಾರ್ಟೆಂಟ್’ ಪ್ರಶ್ನೆಗಳಿಗೆ ಗುರುತು ಹಾಕಿ, ನೋಟ್ಸ್ ಉರು ಹೊಡೆಯುವ ನಮ್ಮ ಅಭ್ಯಾಸ ಇಲ್ಲಿ ಅರ್ಧ ದಾರಿಯವರೆಗೆ ಮಾತ್ರ ಜತೆಗಿರುತ್ತದೆ. ಕಾಂಪ್ಸ್ ಕೇಳುವುದು ‘ಕನ್‌ಫೌಂಡಿಂಗ್ ಎಂದರೇನು?’ ಎಂದಲ್ಲ. ಒಂದು ಊರಿನ ಸಮಸ್ಯೆಯನ್ನು ಮುಂದಿಟ್ಟು ‘ಇದನ್ನು ಹೇಗೆ ಅಳೆಯುತ್ತೀರಿ, ಕಾರಣ ಹೇಗೆ ಹುಡುಕುತ್ತೀರಿ, ಏನು ಮಾಡುತ್ತೀರಿ, ಮಾಡಿದ್ದು ಫಲಿಸಿತೆಂದು ಹೇಗೆ ತೋರಿಸುತ್ತೀರಿ?’ ಎಂದು ಕೇಳುತ್ತದೆ. ಎರಡು ವರ್ಷ ಬಿಡಿಬಿಡಿಯಾಗಿ ಓದಿದ್ದನ್ನೆಲ್ಲ ಒಂದೇ ಉತ್ತರದೊಳಗೆ ತರಬೇಕು. ಆದ್ದರಿಂದ ತಯಾರಿಯ ಹೆಚ್ಚಿನ ಹೊತ್ತು ಓದುವುದಕ್ಕಲ್ಲ, ಉತ್ತರ ಬರೆಯುವುದಕ್ಕೆ ಹೋಗಬೇಕು.

ಹಂತ 1: ನಿಮ್ಮ ಪರೀಕ್ಷೆ ಯಾವ ಬಗೆಯದು?

ಅಮೆರಿಕದಲ್ಲಿ ಸಾರ್ವಜನಿಕ ಆರೋಗ್ಯ ಕೋರ್ಸುಗಳಿಗೆ ಮಾನ್ಯತೆ ನೀಡುವ ಸಂಸ್ಥೆ ಕೌನ್ಸಿಲ್ ಆನ್ ಎಜುಕೇಶನ್ ಫಾರ್ ಪಬ್ಲಿಕ್ ಹೆಲ್ತ್, ಅಂದರೆ ಸಿಇಪಿಎಚ್. ಅದರ 2016ರ ಮಾನದಂಡಗಳ ಪ್ರಕಾರ ಪ್ರತಿ ಎಂಪಿಎಚ್ ವಿದ್ಯಾರ್ಥಿಯೂ ಕೊನೆಗೆ, ಕಲಿತದ್ದನ್ನೆಲ್ಲ ಒಟ್ಟುಗೂಡಿಸಿದ ಗುಣಮಟ್ಟದ ಒಂದು ಬರಹ ಕೊಡಬೇಕು. ಅದು ಪ್ರಾಜೆಕ್ಟ್ ವರದಿಯಾಗಬಹುದು, ಪ್ರಬಂಧ ರೂಪದ ಕಾಂಪ್ಸ್ ಕೂಡ ಆಗಬಹುದು. ಹಾಗಾಗಿ ಕಾಂಪ್ಸ್ ಎಲ್ಲೆಡೆ ಒಂದೇ ರೀತಿ ಇರುವುದಿಲ್ಲ. ಸಾಮಾನ್ಯವಾಗಿ ಕಾಣಸಿಗುವ ಬಗೆಗಳು ಇವು:

• ಪುಸ್ತಕ ನೋಡದೆ, ಹಾಲ್‌ನಲ್ಲಿ ಕುಳಿತು ಬರೆಯುವ ಪರೀಕ್ಷೆ.
• ಪ್ರಶ್ನೆ ಕೊಟ್ಟು ಕೆಲವು ದಿನಗಳ ಗಡುವು ಹಾಕುವ ಟೇಕ್-ಹೋಂ ಪರೀಕ್ಷೆ.
• ನ್ಯಾಷನಲ್ ಬೋರ್ಡ್ ಆಫ್ ಪಬ್ಲಿಕ್ ಹೆಲ್ತ್ ಎಕ್ಸಾಮಿನರ್ಸ್ ನಡೆಸುವ ‘ಸಿಪಿಎಚ್’ ಪರೀಕ್ಷೆ. ಇದರಲ್ಲಿ 200 ಬಹು ಆಯ್ಕೆ ಪ್ರಶ್ನೆಗಳಿಗೆ 4 ಗಂಟೆ. ಪ್ರಶ್ನೆಗಳು 10 ವಿಭಾಗಗಳಲ್ಲಿ ಸಮನಾಗಿ ಹಂಚಿರುತ್ತವೆ.
• ಪಿಎಚ್‌ಡಿ, ಡಿಆರ್‌ಪಿಎಚ್ ವಿದ್ಯಾರ್ಥಿಗಳಿಗೆ ಮೊದಲು ಲಿಖಿತ, ಆಮೇಲೆ ಮೌಖಿಕ. ಎರಡನ್ನೂ ದಾಟಿದವರಿಗೆ ಮಾತ್ರ ಮಹಾಪ್ರಬಂಧಕ್ಕೆ ಕೈಹಾಕಲು ಅನುಮತಿ.

ನಿಮ್ಮ ವಿಭಾಗದ ಸ್ಟೂಡೆಂಟ್ ಹ್ಯಾಂಡ್‌ಬುಕ್ ತೆರೆದು ಐದು ಸಂಗತಿ ಬರೆದಿಟ್ಟುಕೊಳ್ಳಿ: ಯಾರು ಮೌಲ್ಯಮಾಪನ ಮಾಡುತ್ತಾರೆ, ಅಂಕ ಕೊಡುವ ರೂಬ್ರಿಕ್ ಇದೆಯೇ, ಎಷ್ಟು ಬಾರಿ ಬರೆಯಬಹುದು, ಹಿಂದಿನ ಪ್ರಶ್ನೆಗಳನ್ನು ಕೊಡುತ್ತಾರೆಯೇ, ನೋಂದಣಿಗೆ ಕೊನೆಯ ದಿನ ಯಾವುದು. ಹ್ಯಾಂಡ್‌ಬುಕ್‌ನಲ್ಲಿ ಇಲ್ಲದ್ದನ್ನು ವಿಭಾಗದ ಕೋಆರ್ಡಿನೇಟರ್‌ಗೆ ಇ-ಮೇಲ್ ಮಾಡಿ ಕೇಳಿ. ಸೀನಿಯರ್ ಹೇಳಿದ್ದನ್ನೇ ನೆಚ್ಚಿಕೊಳ್ಳಬೇಡಿ. 2016ರ ನಂತರ ಹಲವು ಕಡೆ ಪರೀಕ್ಷೆಯ ಸ್ವರೂಪವೇ ಬದಲಾಗಿದೆ.

ಹಂತ 2: ಸಿಲಬಸ್ ನೀವೇ ತಯಾರಿಸಿ

ಕಾಂಪ್ಸ್‌ಗೆ ಯೂನಿಟ್ ಪ್ರಕಾರದ ಸಿಲಬಸ್ ಸಿಗುವುದು ಅಪರೂಪ. ಆದರೆ ಸಿಇಪಿಎಚ್ ಎಂಪಿಎಚ್ ವಿದ್ಯಾರ್ಥಿಗಳಿಗೆ 22 ಮೂಲ ಸಾಮರ್ಥ್ಯಗಳನ್ನು ಪಟ್ಟಿ ಮಾಡಿದೆ. ಒಂದು ಎಕ್ಸೆಲ್ ಹಾಳೆಯಲ್ಲಿ ಆ 22ನ್ನೂ ಎಡಗಡೆ ಬರೆಯಿರಿ. ಮುಂದಿನ ಕಾಲಂನಲ್ಲಿ ಅದನ್ನು ಕಲಿಸಿದ ಕೋರ್ಸ್, ಅದರ ಮುಂದೆ ನೀವು ಮಾಡಿದ ಅಸೈನ್‌ಮೆಂಟ್, ಕೊನೆಯ ಕಾಲಂನಲ್ಲಿ ‘ಪುಸ್ತಕ ನೋಡದೆ ಹತ್ತು ನಿಮಿಷ ಮಾತಾಡಬಲ್ಲೆನೇ?’ ಎಂಬುದಕ್ಕೆ ಹೌದು ಅಥವಾ ಇಲ್ಲ.

‘ಇಲ್ಲ’ ಎಂದು ಬರೆದ ಸಾಲುಗಳಿಂದಲೇ ಓದು ಶುರುವಾಗಲಿ. ವೈದ್ಯಕೀಯ ಹಿನ್ನೆಲೆಯವರು ರೋಗಗಳ ಭಾಗವನ್ನು ಮತ್ತೆ ಮತ್ತೆ ಓದಿ, ಬಜೆಟ್, ಕಾನೂನು, ನೀತಿಗಳನ್ನು ಕೊನೆಗೆ ತಳ್ಳುತ್ತಾರೆ. ಬರುವುದನ್ನೇ ಓದುವುದರಿಂದ ಮನಸ್ಸಿಗೆ ಸಮಾಧಾನ ಸಿಗಬಹುದು, ಅಂಕ ಸಿಗುವುದಿಲ್ಲ.

ಹಂತ 3: ಹನ್ನೆರಡು ವಾರಗಳ ವೇಳಾಪಟ್ಟಿ

• 1–2ನೇ ವಾರ: ಮೇಲಿನ ಪಟ್ಟಿ, ಹಳೇ ನೋಟ್ಸ್ ಜೋಡಣೆ, ರೂಬ್ರಿಕ್ ಓದು.
• 3–7ನೇ ವಾರ: ವಾರಕ್ಕೊಂದು ವಿಷಯ. ಎಪಿಡೆಮಿಯಾಲಜಿ, ಬಯೋಸ್ಟಾಟಿಸ್ಟಿಕ್ಸ್, ಪರಿಸರ ಆರೋಗ್ಯ, ಆರೋಗ್ಯ ನೀತಿ ಮತ್ತು ಆಡಳಿತ, ಸಾಮಾಜಿಕ ಹಾಗೂ ವರ್ತನಾ ವಿಜ್ಞಾನ.
• 8–10ನೇ ವಾರ: ವಿಷಯ ಬೆರೆತ ಪ್ರಶ್ನೆಗಳು. ವಾರಕ್ಕೆ ಮೂರು ಉತ್ತರಗಳನ್ನಾದರೂ ಪೂರ್ತಿ ಬರೆಯಿರಿ.
• 11ನೇ ವಾರ: ಗಡಿಯಾರ ಇಟ್ಟುಕೊಂಡು ಪೂರ್ಣ ಅಣಕು ಪರೀಕ್ಷೆ, ಎರಡು ಸಲ.
• 12ನೇ ವಾರ: ತಪ್ಪಿದ್ದನ್ನು ತಿದ್ದಿಕೊಳ್ಳುವುದು, ನಿದ್ದೆ. ಹೊಸದೇನನ್ನೂ ಓದಬೇಡಿ.

ಕ್ಯಾಂಪಸ್ ಕೆಲಸ, ಇಂಟರ್ನ್‌ಶಿಪ್ ಇರುವವರು ಇದನ್ನೇ ಹದಿನಾರು ವಾರಕ್ಕೆ ಹಿಗ್ಗಿಸಿಕೊಳ್ಳಬಹುದು. ಆದರೆ ಬರೆಯುವ ವಾರಗಳನ್ನು ಕಡಿತಗೊಳಿಸಬೇಡಿ.

ಹಂತ 4: ಉರು ಹೊಡೆಯಲು ಒಂದೇ ಹಾಳೆ

ಬಾಯಿಪಾಠ ಪೂರ್ತಿ ದಂಡವಲ್ಲ. ಕೆಲವು ಸಂಗತಿಗಳು ನಾಲಿಗೆಯ ತುದಿಯಲ್ಲಿದ್ದರೆ ಯೋಚಿಸಲು ಹೊತ್ತು ಉಳಿಯುತ್ತದೆ. ಅವೆಲ್ಲ ಒಂದು ಹಾಳೆಯ ಎರಡು ಬದಿಯಲ್ಲಿ ಹಿಡಿಸುವಷ್ಟಿರಲಿ:

• 2×2 ಕೋಷ್ಟಕ, ರಿಲೇಟಿವ್ ರಿಸ್ಕ್, ಆಡ್ಸ್ ರೇಶಿಯೊ, ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಸೂತ್ರಗಳು.
• ಕಾರಣ–ಪರಿಣಾಮ ನಿರ್ಧರಿಸಲು ಬ್ರಾಡ್‌ಫರ್ಡ್ ಹಿಲ್ 1965ರಲ್ಲಿ ಮುಂದಿಟ್ಟ ಒಂಬತ್ತು ಅಂಶಗಳು.
• ಸ್ಕ್ರೀನಿಂಗ್ ಯಾವಾಗ ಸರಿ ಎಂಬುದಕ್ಕೆ ವಿಲ್ಸನ್ ಮತ್ತು ಯುಂಗ್ನರ್ 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ಹತ್ತು ತತ್ವಗಳು.
• ಸಾರ್ವಜನಿಕ ಆರೋಗ್ಯದ ಮೂರು ಮುಖ್ಯ ಹೊಣೆಗಳು: ಸ್ಥಿತಿಗತಿಯ ಅಂದಾಜು, ನೀತಿ ರೂಪಿಸುವುದು, ಸೇವೆ ತಲುಪುವಂತೆ ನೋಡಿಕೊಳ್ಳುವುದು. ಇವುಗಳ ಜತೆಗೆ 1994ರಲ್ಲಿ ಬಂದು 2020ರಲ್ಲಿ ಪರಿಷ್ಕೃತವಾದ ಹತ್ತು ಅತ್ಯಗತ್ಯ ಸೇವೆಗಳು.
• ಸಂಶೋಧನಾ ನೈತಿಕತೆ: 1932ರಿಂದ 1972ರವರೆಗೆ ನಡೆದ ಟಸ್ಕೆಗೀ ಸಿಫಿಲಿಸ್ ಅಧ್ಯಯನದ ಅನ್ಯಾಯ, ಅದು ಬಯಲಾದ ಮೇಲೆ ಬಂದ 1979ರ ಬೆಲ್ಮಾಂಟ್ ವರದಿಯ ಮೂರು ತತ್ವಗಳು.
• ವರ್ತನಾ ಸಿದ್ಧಾಂತಗಳಲ್ಲಿ ಮೂರು ಅಥವಾ ನಾಲ್ಕು. ಪ್ರತಿಯೊಂದಕ್ಕೂ ಒಂದು ಉದಾಹರಣೆ.

ಕೊನೆಯ ಅಂಶದ ಬಗ್ಗೆ ಒಂದು ಮಾತು. ಸಿದ್ಧಾಂತದ ಜತೆಗೆ ಅದು ಹುಟ್ಟಿದ ಸಂದರ್ಭವನ್ನೂ ತಿಳಿದುಕೊಂಡರೆ ಮರೆಯುವುದಿಲ್ಲ. ಹೆಲ್ತ್ ಬಿಲೀಫ್ ಮಾಡೆಲ್ ರೂಪುಗೊಂಡದ್ದು 1950ರ ದಶಕದಲ್ಲಿ. ಕ್ಷಯರೋಗ ಪತ್ತೆಗೆ ಎಕ್ಸ್‌-ರೇ ಪುಕ್ಕಟೆ ಸಿಗುತ್ತಿದ್ದರೂ ಜನ ಏಕೆ ಬರುತ್ತಿಲ್ಲ ಎಂಬ ಪ್ರಶ್ನೆ ಅಮೆರಿಕದ ಪಬ್ಲಿಕ್ ಹೆಲ್ತ್ ಸರ್ವಿಸ್‌ನ ಮನಶ್ಶಾಸ್ತ್ರಜ್ಞರನ್ನು ಕಾಡಿತು. ‘ನನಗೆ ಈ ಕಾಯಿಲೆ ಬಂದೀತೇ, ಬಂದರೆ ಎಷ್ಟು ಗಂಭೀರ, ಪರೀಕ್ಷೆ ಮಾಡಿಸಿಕೊಂಡರೆ ಲಾಭವೇನು, ಅಡ್ಡಿಯೇನು’ ಎಂಬ ಲೆಕ್ಕಾಚಾರ ಜನರ ಮನಸ್ಸಿನಲ್ಲಿ ನಡೆಯುತ್ತದೆ ಎಂಬುದು ಅವರ ಉತ್ತರ. ಇಷ್ಟು ಗೊತ್ತಿದ್ದರೆ, ಲಸಿಕೆ ಹಾಕಿಸಿಕೊಳ್ಳದ ಬಡಾವಣೆಯೊಂದರ ಪ್ರಶ್ನೆ ಬಂದಾಗ ಈ ಮಾಡೆಲ್ ತಾನಾಗಿಯೇ ನೆನಪಾಗುತ್ತದೆ.

ಹಂತ 5: ಲೆಕ್ಕವನ್ನು ಕೈಯಾರೆ ಮಾಡಿ

ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಮಾಡಿ ರೂಢಿಯಾದವರಿಗೆ ಕಾಂಪ್ಸ್‌ನಲ್ಲಿ ಪೆನ್ನು ಓಡುವುದಿಲ್ಲ. ಸಣ್ಣ ಲೆಕ್ಕವನ್ನು ಕಾಗದದ ಮೇಲೆ ಮಾಡಿ, ಅದರ ಅರ್ಥವನ್ನು ಎರಡು ವಾಕ್ಯದಲ್ಲಿ ಬರೆಯುವುದನ್ನು ರೂಢಿಸಿಕೊಳ್ಳಿ. ಉದಾಹರಣೆಗೆ:

10,000 ಜನರಲ್ಲಿ ಶೇ 1ರಷ್ಟು ಮಂದಿಗೆ ಕಾಯಿಲೆ ಇದೆ. ಪರೀಕ್ಷೆಯ ಸೆನ್ಸಿಟಿವಿಟಿ ಶೇ 90, ಸ್ಪೆಸಿಫಿಸಿಟಿ ಶೇ 95. ಕಾಯಿಲೆ ಇರುವ 100 ಮಂದಿಯಲ್ಲಿ 90 ಜನ ಪಾಸಿಟಿವ್. ಕಾಯಿಲೆ ಇಲ್ಲದ 9,900 ಮಂದಿಯಲ್ಲಿ ಶೇ 5, ಅಂದರೆ 495 ಜನರಿಗೂ ತಪ್ಪಾಗಿ ಪಾಸಿಟಿವ್ ಬರುತ್ತದೆ. ಒಟ್ಟು ಪಾಸಿಟಿವ್ 585. ಅವರಲ್ಲಿ ನಿಜಕ್ಕೂ ಕಾಯಿಲೆ ಇರುವವರು 90, ಅಂದರೆ ಸುಮಾರು ಶೇ 15 ಮಾತ್ರ.

ಅದೇ ಪರೀಕ್ಷೆಯನ್ನು ಶೇ 10ರಷ್ಟು ಕಾಯಿಲೆ ಇರುವ ಜನರ ನಡುವೆ ಮಾಡಿ ನೋಡಿ. ಕಾಯಿಲೆ ಇರುವ 1,000 ಮಂದಿಯಲ್ಲಿ 900 ಪಾಸಿಟಿವ್, ಇಲ್ಲದ 9,000 ಮಂದಿಯಲ್ಲಿ 450 ತಪ್ಪು ಪಾಸಿಟಿವ್. ಈಗ 1,350ರಲ್ಲಿ 900 ನಿಜ, ಸುಮಾರು ಶೇ 67. ಪರೀಕ್ಷೆ ಬದಲಾಗಿಲ್ಲ, ಪರೀಕ್ಷೆಗೆ ಒಳಗಾದ ಜನ ಬದಲಾಗಿದ್ದಾರೆ. ‘ಹಾಗಾದರೆ ಎಲ್ಲರನ್ನೂ ಸ್ಕ್ರೀನ್ ಮಾಡಬೇಕೇ, ಅಪಾಯ ಹೆಚ್ಚಿರುವವರನ್ನು ಮಾತ್ರವೇ?’ ಎಂಬ ನೀತಿಯ ಪ್ರಶ್ನೆಗೆ ಉತ್ತರ ಈ ಲೆಕ್ಕದಲ್ಲೇ ಇದೆ. ಅದನ್ನು ಬರೆದವರಿಗೆ ಅಂಕ, ಶೇ 15 ಎಂದು ಬರೆದು ನಿಲ್ಲಿಸಿದವರಿಗೆ ಅರ್ಧ ಅಂಕ.

ಹೆಚ್ಚಿನವರು ಗೊಂದಲ ಮಾಡಿಕೊಳ್ಳುವ ಇನ್ನೊಂದು ಜೋಡಿ ಕನ್‌ಫೌಂಡಿಂಗ್ ಮತ್ತು ಎಫೆಕ್ಟ್ ಮಾಡಿಫಿಕೇಶನ್. ಕಾಫಿ ಕುಡಿಯುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೆಂದು ಕಂಡರೆ, ಅದರ ಹಿಂದೆ ಅವರ ಸಿಗರೇಟು ಇರಬಹುದು. ಇದು ಕನ್‌ಫೌಂಡಿಂಗ್, ವಿಶ್ಲೇಷಣೆಯಲ್ಲಿ ನಿವಾರಿಸಬೇಕಾದದ್ದು. ಆಸ್ಬೆಸ್ಟಾಸ್ ಧೂಳಿನ ಅಪಾಯ ಸಿಗರೇಟು ಸೇದುವವರಲ್ಲಿ ಒಂದು ಪ್ರಮಾಣದಲ್ಲಿ, ಸೇದದವರಲ್ಲಿ ಇನ್ನೊಂದು ಪ್ರಮಾಣದಲ್ಲಿ ಇದ್ದರೆ ಅದು ಎಫೆಕ್ಟ್ ಮಾಡಿಫಿಕೇಶನ್. ಅದನ್ನು ನಿವಾರಿಸಬಾರದು, ಎರಡು ಗುಂಪಿನ ಅಂಕಿಯನ್ನೂ ಬೇರೆ ಬೇರೆಯಾಗಿ ತೋರಿಸಬೇಕು.

ಹಂತ 6: ಒಂದು ಪ್ರಕರಣ, ಐದೂ ವಿಷಯ

ತಯಾರಿಯ ಜೀವಾಳ ಇದು. ಚೆನ್ನಾಗಿ ದಾಖಲಾಗಿರುವ ಮೂರೋ ನಾಲ್ಕೋ ಪ್ರಕರಣಗಳನ್ನು ಆರಿಸಿಕೊಂಡು, ಪ್ರತಿಯೊಂದನ್ನೂ ಐದೂ ವಿಷಯಗಳ ಕಡೆಯಿಂದ ನೋಡಿ. ಮಿಷಿಗನ್ ರಾಜ್ಯದ ಫ್ಲಿಂಟ್ ನಗರದ ನೀರಿನ ಪ್ರಕರಣ ಇದಕ್ಕೆ ಹೇಳಿ ಮಾಡಿಸಿದಂತಿದೆ.

2014ರ ಏಪ್ರಿಲ್‌ನಲ್ಲಿ ಖರ್ಚು ಉಳಿಸಲೆಂದು ನಗರದ ಕುಡಿಯುವ ನೀರಿನ ಮೂಲವನ್ನು ಫ್ಲಿಂಟ್ ನದಿಗೆ ಬದಲಿಸಿದರು. ಪೈಪು ಸವೆಯದಂತೆ ನೀರಿಗೆ ಬೆರೆಸಬೇಕಾದ ರಾಸಾಯನಿಕವನ್ನು ಬೆರೆಸಲಿಲ್ಲ. ಹಳೆಯ ಪೈಪುಗಳ ಸೀಸ ನೀರಿಗಿಳಿಯಿತು. ಮಕ್ಕಳ ವೈದ್ಯೆ ಮೋನಾ ಹನ್ನಾ-ಅಟೀಷಾ ಮತ್ತು ತಂಡ ಮಕ್ಕಳ ರಕ್ತ ಪರೀಕ್ಷೆಯ ದಾಖಲೆಗಳನ್ನು ವಿಶ್ಲೇಷಿಸಿದಾಗ, ರಕ್ತದಲ್ಲಿ ಸೀಸ ಹೆಚ್ಚಿದ್ದ ಮಕ್ಕಳ ಪ್ರಮಾಣ ಶೇ 2.4ರಿಂದ ಶೇ 4.9ಕ್ಕೆ ಏರಿದ್ದು ಕಂಡಿತು. 2015ರ ಅಕ್ಟೋಬರ್‌ನಲ್ಲಿ ನಗರ ಹಳೆಯ ನೀರಿನ ಮೂಲಕ್ಕೆ ಮರಳಿತು.

ಇದನ್ನು ಉತ್ತರವಾಗಿ ಕಟ್ಟುವುದು ಹೀಗೆ:

ಎಪಿಡೆಮಿಯಾಲಜಿ: ನೀರು ಬದಲಾಗುವ ಮೊದಲು ಮತ್ತು ನಂತರದ ಹೋಲಿಕೆ. ಮಕ್ಕಳ ರಕ್ತದಲ್ಲಿ ಸೀಸ ಬೇಸಿಗೆಯಲ್ಲಿ ಹೆಚ್ಚುವುದು ಗೊತ್ತಿರುವ ಸಂಗತಿ. ಹಾಗಾಗಿ ತಂಡ ಎರಡೂ ವರ್ಷಗಳ ಅದೇ ತಿಂಗಳುಗಳನ್ನು ಹೋಲಿಸಿತು. ನಗರದ ನೀರು ಬಳಸದ ಹೊರವಲಯದ ಮಕ್ಕಳನ್ನೂ ಜತೆಗಿಟ್ಟು ನೋಡಿತು. ಅಲ್ಲಿ ಗಮನಾರ್ಹ ಏರಿಕೆ ಇರಲಿಲ್ಲ. ‘ಹೊರಗಿನವರನ್ನು ಏಕೆ ಸೇರಿಸಿದರು?’ ಎಂಬುದು ಪರೀಕ್ಷಕರಿಗೆ ಪ್ರಿಯವಾದ ಪ್ರಶ್ನೆ.

ಬಯೋಸ್ಟಾಟಿಸ್ಟಿಕ್ಸ್: ಪ್ರಮಾಣ ದುಪ್ಪಟ್ಟಾಯಿತು ಎನ್ನುವುದು ನಿಜ, 2.5 ಶೇಕಡಾವಾರು ಅಂಶ ಹೆಚ್ಚಿತು ಎನ್ನುವುದೂ ನಿಜ. ಎರಡನ್ನೂ ಬರೆಯಿರಿ. ಯಾವ ಪರೀಕ್ಷೆಯಿಂದ ಈ ವ್ಯತ್ಯಾಸವನ್ನು ಅಳೆಯುತ್ತೀರಿ, ಏಕೆ ಎಂದೂ ಹೇಳಿ.

ಪರಿಸರ ಆರೋಗ್ಯ: ನೀರು ಮೂಲದಲ್ಲಿ ಶುದ್ಧವಾಗಿದ್ದರೂ ಪೈಪಿನಲ್ಲಿ ಕೆಡಬಹುದು. ಅಮೆರಿಕದ 1991ರ ಲೆಡ್ ಅಂಡ್ ಕಾಪರ್ ರೂಲ್‌ನಲ್ಲಿ ಸೀಸಕ್ಕೆ ಕ್ರಮ ಕೈಗೊಳ್ಳಬೇಕಾದ ಮಟ್ಟ 15 ಪಿಪಿಬಿ ಎಂದಿತ್ತು.

ನೀತಿ: ಆಗ ನಗರದ ಆಡಳಿತ ರಾಜ್ಯ ಸರ್ಕಾರ ನೇಮಿಸಿದ ತುರ್ತು ಆಡಳಿತಾಧಿಕಾರಿಯ ಕೈಯಲ್ಲಿತ್ತು. ಚುನಾಯಿತ ಪ್ರತಿನಿಧಿಗಳ ಮಾತು ನಡೆಯದ ಕಡೆ ಹೊಣೆ ಯಾರದು?

ಸಾಮಾಜಿಕ ವಿಜ್ಞಾನ: ಬಡವರು ಮತ್ತು ಕಪ್ಪು ವರ್ಣೀಯರು ಹೆಚ್ಚಿರುವ ನಗರ. ನೀರು ಸರಿಯಾಗಿದೆ ಎಂದು ಅಧಿಕಾರಿಗಳು ಹೇಳುತ್ತಲೇ ಬಂದದ್ದರಿಂದ ನಂಬಿಕೆ ಮುರಿಯಿತು. ಈಗ ಅದೇ ಜನರಿಗೆ ಆರೋಗ್ಯ ಸಂದೇಶವನ್ನು ಯಾರ ಬಾಯಿಂದ ಹೇಳಿಸುತ್ತೀರಿ?

ಈ ಐದನ್ನೂ ಸೇರಿಸಿ ಒಂದು ಗಂಟೆಯಲ್ಲಿ ಉತ್ತರ ಬರೆಯಿರಿ. ಮಾರನೇ ದಿನ ಹೆಸರುಗಳನ್ನು ತೆಗೆದು, ಸೀಸದ ಬದಲು ಇನ್ನೊಂದು ಅಪಾಯ ಇಟ್ಟು ಮತ್ತೆ ಬರೆಯಿರಿ. ಪರೀಕ್ಷೆಯಲ್ಲಿ ಫ್ಲಿಂಟ್ ಬರದಿರಬಹುದು, ಈ ಬಗೆಯ ಯೋಚನೆ ಬೇಕಾಗುವ ಪ್ರಶ್ನೆ ಬರುತ್ತದೆ.

ಹಂತ 7: ಅಲ್ಲಿನ ವ್ಯವಸ್ಥೆ ಕಲಿಯಿರಿ, ಇಲ್ಲಿನ ಅನುಭವ ಬಳಸಿ

ನಮ್ಮವರು ಎಡವುವುದು ಅಮೆರಿಕದ ಆರೋಗ್ಯ ವ್ಯವಸ್ಥೆಯ ಪ್ರಶ್ನೆಗಳಲ್ಲಿ. ಅಲ್ಲೇ ಹುಟ್ಟಿ ಬೆಳೆದವರಿಗೆ ಮನೆಯ ಹಿರಿಯರ ವಿಮೆಯಿಂದಲೇ ಗೊತ್ತಿರುವುದನ್ನು ನಾವು ಓದಿಯೇ ತಿಳಿಯಬೇಕು. ಮೆಡಿಕೇರ್ ಮತ್ತು ಮೆಡಿಕೇಡ್ ಎರಡೂ 1965ರವು. ಮೆಡಿಕೇರ್ ಮುಖ್ಯವಾಗಿ 65 ದಾಟಿದವರಿಗೆ ಮತ್ತು ಕೆಲವು ಅಂಗವಿಕಲರಿಗೆ, ಕೇಂದ್ರ ಸರ್ಕಾರದ್ದು. ಮೆಡಿಕೇಡ್ ಕಡಿಮೆ ಆದಾಯದವರಿಗೆ, ಕೇಂದ್ರ ಮತ್ತು ರಾಜ್ಯಗಳು ಸೇರಿ ನಡೆಸುವಂಥದ್ದು. ಆದ್ದರಿಂದ ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ. 2010ರ ಅಫೋರ್ಡಬಲ್ ಕೇರ್ ಆಕ್ಟ್ ಮೆಡಿಕೇಡನ್ನು ವಿಸ್ತರಿಸಲು ಹೊರಟಿತು. 2012ರಲ್ಲಿ ಸುಪ್ರೀಂ ಕೋರ್ಟ್ ಆ ವಿಸ್ತರಣೆಯನ್ನು ರಾಜ್ಯಗಳ ಇಚ್ಛೆಗೆ ಬಿಟ್ಟಿತು. ಒಂದೇ ಕಾನೂನು ಇದ್ದರೂ ಪಕ್ಕಪಕ್ಕದ ರಾಜ್ಯಗಳ ಬಡವರ ಪಾಡು ಏಕೆ ಬೇರೆ ಎಂಬುದಕ್ಕೆ ವಿವರಣೆ ಇಲ್ಲಿದೆ. ಕಡ್ಡಾಯ ಲಸಿಕೆಯಂಥ ವಿಷಯಕ್ಕೆ 1905ರ ಜೇಕಬ್ಸನ್ ವಿರುದ್ಧ ಮ್ಯಾಸಚೂಸೆಟ್ಸ್ ತೀರ್ಪು ತಿಳಿದಿರಲಿ.

ಹಾಗೆಂದು ಊರಿನ ಅನುಭವವನ್ನು ಅಡಗಿಸಿಡಬೇಡಿ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ, ಮನುಷ್ಯ, ಪ್ರಾಣಿ, ಕಾಡು ಮೂರರ ಆರೋಗ್ಯವೂ ಒಂದಕ್ಕೊಂದು ಹೆಣೆದುಕೊಂಡಿರುವುದಕ್ಕೆ ಒಳ್ಳೆಯ ಉದಾಹರಣೆ. ಸತ್ತ ಮಂಗಗಳ ಮೇಲೆ ನಿಗಾ ಇಟ್ಟರೆ ರೋಗದ ಮುನ್ಸೂಚನೆ ಸಿಗುತ್ತದೆ. ಹರಡುವುದು ಉಣ್ಣೆಯಿಂದ. ಸೌದೆಗೆ, ದನ ಮೇಯಿಸಲು ಕಾಡಿಗೆ ಹೋಗುವವರಿಗೆ ಅಪಾಯ ಹೆಚ್ಚು. ಆಶಾ ಕಾರ್ಯಕರ್ತೆಯರ ಕೆಲಸವೂ ಬಳಸಬಹುದಾದ ಉದಾಹರಣೆಯೇ. ಪರೀಕ್ಷಕರಿಗೆ ಇವು ಗೊತ್ತಿರಬೇಕೆಂದಿಲ್ಲ. ಒಂದು ವಾಕ್ಯದಲ್ಲಿ ಪರಿಚಯಿಸಿ ಮುಂದುವರಿಯಿರಿ.

ಹಂತ 8: ಉತ್ತರದ ಕಟ್ಟಡ

ಪೆನ್ನು ಹಿಡಿದ ತಕ್ಷಣ ಬರೆಯತೊಡಗುವುದು ನಮ್ಮ ಪರೀಕ್ಷಾ ಹಾಲ್‌ಗಳ ಅಭ್ಯಾಸ. ಪುಟ ತುಂಬಿದಷ್ಟೂ ಅಂಕ ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ. ಒಂದು ಗಂಟೆಯ ಪ್ರಶ್ನೆಗೆ ಮೊದಲ ಹತ್ತು ನಿಮಿಷ ಬರೀ ಯೋಜನೆಗಿರಲಿ. ಪ್ರಶ್ನೆಯ ಕ್ರಿಯಾಪದಗಳಿಗೆ ಗೆರೆ ಎಳೆಯಿರಿ: ವಿವರಿಸಿ, ಹೋಲಿಸಿ, ಸಮರ್ಥಿಸಿ. ಮೂರು ಕೇಳಿದ್ದರೆ ಮೂರಕ್ಕೂ ಉಪಶೀರ್ಷಿಕೆ ಕೊಡಿ.

ಪ್ರತಿ ಆಯ್ಕೆಯ ಜತೆಗೂ ಎರಡು ಸಾಲು ಇರಲೇಬೇಕು: ಏಕೆ ಇದು, ಏಕೆ ಅದಲ್ಲ. ‘ಕೇಸ್-ಕಂಟ್ರೋಲ್ ಅಧ್ಯಯನ ಮಾಡುತ್ತೇನೆ’ ಎಂದರೆ ಸಾಲದು. ‘ಕಾಯಿಲೆ ಅಪರೂಪದ್ದು, ಕೋಹಾರ್ಟ್ ಮಾಡಲು ವರ್ಷಗಳು ಬೇಕು, ಆದ್ದರಿಂದ ಕೇಸ್-ಕಂಟ್ರೋಲ್. ಆದರೆ ಹಿಂದಿನದನ್ನು ರೋಗಿಗಳು ನೆನಪಿಟ್ಟಷ್ಟು ಚೆನ್ನಾಗಿ ಉಳಿದವರು ನೆನಪಿಡುವುದಿಲ್ಲ, ಆ ರೀಕಾಲ್ ಬಯಾಸ್ ತಗ್ಗಿಸಲು ಆಸ್ಪತ್ರೆ ದಾಖಲೆ ಬಳಸುತ್ತೇನೆ’ ಎಂದರೆ ಉತ್ತರ ಪೂರ್ತಿಯಾಯಿತು. ಕೊನೆಯಲ್ಲಿ ಮಿತಿಗಳ ಬಗ್ಗೆ ನಾಲ್ಕು ಸಾಲು ಬಿಡಬೇಡಿ.

ಹಂತ 9: ಗುಂಪು ಓದು ಎಲ್ಲಿಯವರೆಗೆ?

ಮೂರು ನಾಲ್ಕು ಜನರ ಗುಂಪು ಸಾಕು. ಒಬ್ಬರ ಉತ್ತರವನ್ನು ಇನ್ನೊಬ್ಬರು ರೂಬ್ರಿಕ್ ಇಟ್ಟುಕೊಂಡು ತಿದ್ದಿ. ಬೇರೆ ಹಿನ್ನೆಲೆಯವರು ಗುಂಪಿನಲ್ಲಿದ್ದರೆ ಇನ್ನೂ ಒಳ್ಳೆಯದು. ಆದರೆ ಟೇಕ್-ಹೋಂ ಪ್ರಶ್ನೆ ಕೈಗೆ ಬಂದ ಕ್ಷಣದಿಂದ ಗುಂಪಿನ ವಾಟ್ಸ್‌ಆ್ಯಪ್ ಮೌನವಾಗಿರಲಿ. ‘ನೀನು ಯಾವ ಡಿಸೈನ್ ತಗೊಂಡೆ?’ ಎಂಬ ಒಂದು ಸಂದೇಶವೂ ಶಿಸ್ತು ಕ್ರಮಕ್ಕೆ ದಾರಿಯಾದೀತು. ಆಕರ ಹೇಳದೆ ಬರೆದ ವಾಕ್ಯವೂ ಅಷ್ಟೇ ಅಪಾಯ. ಎಐ ಬಳಕೆಯ ನಿಯಮ ಕೋರ್ಸಿಗೊಂದರಂತೆ ಇರಬಹುದು. ಕಾಂಪ್ಸ್‌ಗೆ ಅನ್ವಯವಾಗುವ ನಿಯಮವನ್ನು ಲಿಖಿತದಲ್ಲಿ ಕೇಳಿ ಪಡೆಯಿರಿ.

ಹಂತ 10: ವೈವಾ ಎದುರಿಸುವುದು

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ನಿಮ್ಮ ಮಾತನ್ನು ಅಲ್ಲಗಳೆದರೆ ತಕ್ಷಣ ‘ಸಾರಿ ಸರ್’ ಎಂದು ಶರಣಾಗಬೇಡಿ. ಎಷ್ಟೋ ಸಲ ಅವರು ನೋಡುತ್ತಿರುವುದು ನಿಮ್ಮ ಸಮರ್ಥನೆಯನ್ನು. ‘ನೀವು ಹೇಳಿದ್ದು ಸರಿ, ಆದರೂ ನಾನು ಇದನ್ನು ಆರಿಸಿದ್ದಕ್ಕೆ ಕಾರಣ ಇದು’ ಎನ್ನುವುದು ಉದ್ಧಟತನವಲ್ಲ. ಗೊತ್ತಿಲ್ಲದ್ದಕ್ಕೆ ಕತೆ ಕಟ್ಟಬೇಡಿ. ‘ಆ ಅಂಕಿ ನೆನಪಿಲ್ಲ, ಆದರೆ ಇಂಥ ಕಡೆಯಿಂದ ಹೀಗೆ ತೆಗೆಯುತ್ತೇನೆ’ ಎಂದರೆ ಸಾಕು. ತಯಾರಿಗೆ ಸಾರ್ವಜನಿಕ ಆರೋಗ್ಯ ಓದದ ಸ್ನೇಹಿತರ ಮುಂದೆ ಉತ್ತರಗಳನ್ನು ಇಂಗ್ಲಿಷಿನಲ್ಲಿ ಜೋರಾಗಿ ಹೇಳಿ. ಅವರಿಗೆ ಅರ್ಥವಾಗದ ಕಡೆ ನಿಮಗೂ ಪೂರ್ತಿ ಅರ್ಥವಾಗಿರುವುದಿಲ್ಲ.

ಪಾಸಾಗದಿದ್ದರೆ?

ಸಾಮಾನ್ಯವಾಗಿ ಇನ್ನೊಂದು ಅವಕಾಶ ಇರುತ್ತದೆ. ಆದರೆ ವೀಸಾದ ಕಡೆ ಕಣ್ಣಿಡಿ. ಮರುಪರೀಕ್ಷೆ ಮುಂದಿನ ಸೆಮಿಸ್ಟರಿಗೆ ಹೋದರೆ, ಎಫ್-1 ವೀಸಾದವರ ಐ-20 ಪತ್ರದಲ್ಲಿರುವ ಕೋರ್ಸ್ ಮುಗಿಯುವ ದಿನಾಂಕ ಅಷ್ಟರೊಳಗೆ ದಾಟಬಹುದು. ವಿಸ್ತರಣೆಗೆ ಆ ದಿನಾಂಕದ ಮೊದಲೇ ಕೇಳಬೇಕು. ಹಾಗಾಗಿ ಫಲಿತಾಂಶ ಬಂದ ದಿನವೇ ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಹೋಗಿ. ಓದು ಮುಗಿದ ಮೇಲೆ ಕೆಲಸ ಮಾಡಲು ಬೇಕಾದ ಅನುಮತಿ ‘ಒಪಿಟಿ’ಗೆ ಅರ್ಜಿ ಹಾಕಿದ್ದರೆ ಅದನ್ನೂ ಅಲ್ಲೇ ತಿಳಿಸಿ.

ಎರಡನೆಯ ಕೆಲಸ, ಪರೀಕ್ಷಕರಿಂದ ಲಿಖಿತ ಅಭಿಪ್ರಾಯ ಪಡೆಯುವುದು. ವಿಷಯ ಗೊತ್ತಿರಲಿಲ್ಲವೇ, ಗೊತ್ತಿದ್ದೂ ಪ್ರಶ್ನೆಗೆ ಹೊಂದಿಸಲು ಆಗಲಿಲ್ಲವೇ ಎಂಬುದನ್ನು ಅದರಲ್ಲಿ ಹುಡುಕಿ. ವಿಷಯದ ಕೊರತೆಯಾದರೆ ಹಂತ 2ರ ಪಟ್ಟಿಗೆ ಮರಳಿ. ಹೊಂದಿಸುವ ಕೊರತೆಯಾದರೆ ಹೊಸ ಪುಸ್ತಕ ತರುವುದರಿಂದ ಪ್ರಯೋಜನವಿಲ್ಲ. ಬಿದ್ದ ಪ್ರಶ್ನೆಯನ್ನೇ ಅದೇ ವಾರದಲ್ಲಿ ಮತ್ತೆ ಬರೆದು, ಮಾರ್ಗದರ್ಶಕರ ಕೈಗೆ ಕೊಟ್ಟು ತಿದ್ದಿಸಿಕೊಳ್ಳಿ.